ಬುಲ್ಡೋಜರ್‌ಗಿಂತ ಮುಂಚಿನ ರಾಬಿನ್

ಸೋವಿಯತ್ ಕಾಲದ ಚಿತ್ರಕಾರ ಆಸ್ಕರ್ ರಾಬಿನ್ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯಿತು. ಆದರೆ ಲೇಖನದ ತುಂಬಾ 1974ರ ಸೆಪ್ಟೆಂಬರ್ 15ರ ಘಟನೆಯೇ ಇದೆ. ಮಾಸ್ಕೋದ ಅಂಚಿನ ಬಯಲಲ್ಲಿ ಒಪ್ಪಿಗೆಯಿಲ್ಲದೆ ಚಿತ್ರ ಹಿಡಿದು ನಿಂತ ರಾಬಿನ್ ಮತ್ತು ಗೆಳೆಯರ ಮೇಲೆ ಅಧಿಕಾರಿಗಳು ಬುಲ್ಡೋಜರ್ ನುಗ್ಗಿಸಿದ್ದು ಎಲ್ಲರೂ ಹೇಳುವ ಕತೆ. ಹೊರದೇಶಗಳಲ್ಲಿ ಗಲಾಟೆಯಾದ ಮೇಲೆ ಎರಡೇ ವಾರಕ್ಕೆ ಮಾಸ್ಕೋದ ಇಜ್ಮೈಲೊವೊ ಪಾರ್ಕಿನಲ್ಲಿ ನಾಲ್ಕು ಗಂಟೆ ಪ್ರದರ್ಶನಕ್ಕೆ ಬಿಟ್ಟರು, ಅದನ್ನೂ ಸೇರಿಸಬೇಕಿತ್ತು.

ನನಗೆ ಅದಕ್ಕೂ ಮುಂಚಿನ ವರ್ಷಗಳೇ ದೊಡ್ಡವು. ಮಾಸ್ಕೋ ಅಂಚಿನ ಲಿಯಾನೊಜೊವೊದಲ್ಲಿ ಬ್ಯಾರಕ್ಕಿನಲ್ಲಿ, ಅಂದರೆ ಸಾಲುಮನೆಯ ಶೆಡ್ಡಿನಲ್ಲಿ ರಾಬಿನ್ ವಾಸ, ಹೊಟ್ಟೆಪಾಡಿಗೆ ರೈಲ್ವೆ ಕೆಲಸ. ಗ್ಯಾಲರಿಗಳೆಲ್ಲ ಸರ್ಕಾರದ ಕೈಯಲ್ಲಿ. ಹಾಗಾಗಿ ಭಾನುವಾರ ಮನೆಯಲ್ಲೇ ಚಿತ್ರ ತೋರಿಸುತ್ತಿದ್ದರು, ಕವಿಗಳು ಬಂದು ಓದುತ್ತಿದ್ದರು.

ಅಷ್ಟಕ್ಕೂ ರಾಬಿನ್ ಚಿತ್ರ ಬಿಡಿಸಿದ್ದು ಯಾವುದನ್ನು? ವಾಲಿದ ಬ್ಯಾರಕ್ಕುಗಳು, ವೋಡ್ಕಾ ಬಾಟಲಿ, ಪೇಪರಿನ ಮೇಲಿಟ್ಟ ಹೆರಿಂಗ್ ಮೀನು. ದಿನಾ ಕಣ್ಣಿಗೆ ಬೀಳುವುದನ್ನೇ ಬಿಡಿಸಿದರೆ ಅಪರಾಧ ಅಂದರೆ ಹೊಟ್ಟೆ ಉರಿಯುತ್ತದೆ. 'ಪಾಸ್‌ಪೋರ್ಟ್' ಚಿತ್ರವನ್ನಂತೂ ದಯವಿಟ್ಟು ದೊಡ್ಡದು ಮಾಡಿ ನೋಡಿ. ಅವರದೇ ಗುರುತಿನ ಪುಟ ಅದು. ಸತ್ತ ಸ್ಥಳ ಎಂಬಲ್ಲಿ ಹೀಗೆ ಬರೆದಿದ್ದಾರೆ: ಬೇಲಿ ಕೆಳಗಾ? ಇಸ್ರೇಲಿನಲ್ಲಾ? 1978ರಲ್ಲಿ ಅವರ ಸೋವಿಯತ್ ಪೌರತ್ವವನ್ನೇ ಕಿತ್ತುಕೊಂಡರು. ಆಮೇಲೆ ಪ್ಯಾರಿಸ್ಸೇ ಊರಾಯಿತು, 2018ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡರು.

ಅವರ ಹೆಂಡತಿ ವಲೆಂಟಿನಾ ಕ್ರೊಪಿವ್ನಿಟ್ಸ್ಕಾಯಾ ಕೂಡ ಒಳ್ಳೆಯ ಕಲಾವಿದೆ ಅಲ್ವಾ? ಅರ್ಧ ಪ್ರಾಣಿ, ಅರ್ಧ ಮನುಷ್ಯರಂಥ ಮೆತ್ತಗಿನ ಜೀವಗಳನ್ನು ಬಿಡಿಸಿದವರು. ಲೇಖನದಲ್ಲಿ ಅವರ ಹೆಸರೇ ಇಲ್ಲ. ಮುಂದಿನ ಸಲ ಅವರ ಬಗ್ಗೆ ಬರೆಯಿರಿ, ಕಾಯುತ್ತಿರುತ್ತೇನೆ.