ಹೆಬ್ಬೆರಳಿನ ಪ್ರದರ್ಶನ

ಮೊನ್ನೆ ಭಾನುವಾರದಿಂದ ನನ್ನ ಬಲಗಾಲಿನ ಹೆಬ್ಬೆರಳು ಕುವೆಂಪುನಗರದ ಅರ್ಧ ಜನಕ್ಕೆ ಪರಿಚಯವಾಗಿದೆ. ತರಕಾರಿ ಅಂಗಡಿಯಲ್ಲಿ ಸಿಕ್ಕ ಒಬ್ಬ ಹೆಂಗಸು ಮೊದಲು ನನ್ನ ಕಾಲು ನೋಡಿ, ಆಮೇಲೆ ಮುಖ ನೋಡಿ, "ಓ, ನೀವಾ" ಎಂದರು. ಮೂವತ್ತು ವರ್ಷ ಇದೇ ಬಡಾವಣೆಯಲ್ಲಿದ್ದು ಸಂಪಾದಿಸಿದ ಗುರುತು ಇದು.

ತಪ್ಪು ನನ್ನದಲ್ಲ. ಸಾಕ್ಸಿನ ಬಲಗಾಲಿನದಕ್ಕೆ ತೂತು ಬಿದ್ದಿದ್ದನ್ನು ಶನಿವಾರ ಸಂಜೆಯೇ ನೋಡಿ, ಹೆಂಡತಿಯನ್ನು ಸೂಜಿ ಕೇಳಿದ್ದೆ. ನಮ್ಮ ಮನೆಯ ಸೂಜಿಗೆ ಒಂದೇ ವಿಳಾಸ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಕಪ್ಪು ದಾರ ಸುತ್ತಿಕೊಂಡು, ಯಾವುದಾದರೂ ಏಕಾದಶಿಗೆ ಚುಚ್ಚಿಕೊಂಡಿರುತ್ತದೆ. "ದೀಪ ಹಚ್ಚಿದ ಮೇಲೆ ಯಾರಾದರೂ ಸೂಜಿ ಕೊಡುತ್ತಾರೇನ್ರೀ?" ಎಂದು ಅವಳು ತಿರುಗಿಯೂ ನೋಡದೆ ಹೇಳಿದಳು. ಶಾಸ್ತ್ರದ ಮುಂದೆ ಸಾಕ್ಸು ದೊಡ್ಡದೇ? ಸುಮ್ಮನಾದೆ. ಬೆಳಗ್ಗೆ ನೋಡಿದರೆ, "ಕೌದಿ ಪ್ರದರ್ಶನಕ್ಕೆ ಬೇಗ ಹೊರಡಿ, ಹನ್ನೊಂದಾದರೆ ಸ್ಕೂಟರ್ ನಿಲ್ಲಿಸಲು ಜಾಗ ಸಿಗುವುದಿಲ್ಲ" ಎಂಬ ಅವಸರ. ತೂತು ಕಡಲೆಕಾಳಿನಷ್ಟಿತ್ತು. ಷೂ ಒಳಗೆ ಬಂದು ಇಣುಕುವವರು ಯಾರು? ಸಾಕ್ಸಿನ ತೂತು ಕೈಸಾಲದ ಹಾಗೆ, ನಮಗೆ ಮತ್ತು ದೇವರಿಗೆ ಗೊತ್ತಿದ್ದರೆ ಸಾಕು ಎಂದುಕೊಂಡು ಹೊರಟೆ.

ಪ್ರದರ್ಶನವಿದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಬಾಗಿಲಲ್ಲೇ ಬೋರ್ಡು: 'ಪಾದರಕ್ಷೆಗಳನ್ನು ಇಲ್ಲಿ ಬಿಡಿ.' ನೆಲದ ಮೇಲೂ ಕೌದಿ ಹಾಸಿದ್ದಾರಂತೆ. ಸಾಕ್ಸನ್ನೂ ಬಿಚ್ಚಿ ಹೆಂಡತಿಯ ಬ್ಯಾಗಿನ ಕಡೆ ಕೈ ಚಾಚಿದರೆ, "ಇದರಲ್ಲಿ ಪ್ರಸಾದ ಇದೆ" ಎಂದು ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ದಾಟಿಸಿದಳು. ಷೂ ಒಳಗೆ ತುರುಕೋಣವೆಂದರೆ, ಚಪ್ಪಲಿ ಕಾಯುವ ಹುಡುಗ ನನ್ನ ಕೈಗೆ ಟೋಕನ್ ಕೊಟ್ಟು ಷೂಗಳನ್ನು ಆಗಲೇ ಒಳಗೆ ಒಯ್ದಿದ್ದ. ಮತ್ತೆ ಹಾಕಿಕೊಂಡೆ. ಈ ಬಿಚ್ಚಿ ಹಾಕುವುದರಲ್ಲಿ ಕಡಲೆಕಾಳು ಎಂಟಾಣೆಯಾಯಿತು.

ಒಳಗೆ ಕಾಲಿಟ್ಟ ಮೇಲೆಯೇ ಎಂಥ ಕಡೆ ಬಂದಿದ್ದೇನೆಂದು ಹೊಳೆದದ್ದು. ನೂರಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು. ಎಲ್ಲರೂ ಹರಿದದ್ದನ್ನು ಹೊಲಿಯುವವರು. ಹತ್ತಡಿ ದೂರದಿಂದಲೇ ಒಂದು ಹೊಲಿಗೆ ಓರೆಯಾದದ್ದನ್ನು ಹಿಡಿಯುವ ಕಣ್ಣುಗಳು. ಗೋಡೆಯ ಮೇಲೆ, ಹಗ್ಗದ ಮೇಲೆ, ನೆಲದ ಮೇಲೆ ಸಾವಿರಾರು ತೇಪೆಗಳು. ಆ ಇಡೀ ಸಭಾಂಗಣದಲ್ಲಿ ತೇಪೆ ಕಾಣದ ತೂತು ಒಂದೇ ಒಂದು, ಅದರ ಮೇಲೆ ನಾನು ನಿಂತಿದ್ದೆ.

ಎಡಗಾಲನ್ನು ಬಲಗಾಲಿನ ಮುಂದೆ ಅಡ್ಡ ತಂದು ಬೆರಳು ಮುಚ್ಚಿಕೊಂಡೆ. ಹೊಸ ಕನ್ನಂಬಾಡಿಯ ವೇಣುಗೋಪಾಲನ ಭಂಗಿ. ಕಾಲು ಅದಲುಬದಲು, ಕೊಳಲು ಇಲ್ಲ, ಅಷ್ಟೇ. ಹೀಗೇ ಒಂದೊಂದು ಕೌದಿಯ ಮುಂದೆ ನಿಂತು, ಕುಂಟಿ, ಮುಂದಿನದಕ್ಕೆ ಹೋದೆ.

ನೋಡಲು ಬೇಕಾದಷ್ಟಿತ್ತು ಎಂದು ಒಪ್ಪಲೇಬೇಕು. ನಮ್ಮ ಕಡೆ ಬೊಂತೆ ಎನ್ನುವುದನ್ನೇ ಧಾರವಾಡದ ಕಡೆ ಕೌದಿ ಎನ್ನುತ್ತಾರೆ, ಇಲ್ಲಿ ಕ್ವಿಲ್ಟ್ ಎಂದು ಚೀಟಿ ಅಂಟಿಸಿದ್ದರು. ಹೆಸರು ಬದಲಾದಾಗೊಮ್ಮೆ ಬೆಲೆಗೊಂದು ಸೊನ್ನೆ ಸೇರಿತ್ತು. ಬಂಗಾಳದ ಕಾಂತಾ ಇತ್ತು, ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಸೀರೆಯ ಅಂಚಿನಿಂದಲೇ ದಾರ ಎಳೆದು ಹೊಲಿಯುವಂಥದ್ದು. ಒಂದು ಗೋಡೆಯ ತುಂಬ ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕೌದಿಗಳ ಚಿತ್ರಗಳು. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಹೊಲದ ಕೆಲಸದ ಹರಿದ ಪ್ಯಾಂಟುಗಳನ್ನು ಕತ್ತರಿಸಿ ಹೊಲಿದವು. ಮೊಣಕಾಲು ಸವೆದ ಜಾಗ ಬೆಳ್ಳಗೆ ಹಾಗೆಯೇ ಕಾಣುತ್ತದೆ. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಅವುಗಳ ಪ್ರದರ್ಶನವಾಯಿತು, 2006ರಲ್ಲಿ ಅಂಚೆಚೀಟಿಗಳೂ ಬಂದವು. ನಮ್ಮ ಮನೆಯಲ್ಲಿ ಹರಿದ ಪ್ಯಾಂಟು ಸ್ಕೂಟರ್ ಒರೆಸುವ ಬಟ್ಟೆಯಾಗಿ, ಅಲ್ಲಿಂದ ಬಚ್ಚಲಿನ ಹೊಸಿಲಿಗೆ ಇಳಿದು ತೀರಿಹೋಗುತ್ತದೆ.

ಆಧುನಿಕ ಕ್ವಿಲ್ಟುಗಳ ಸಾಲಿನಲ್ಲಿ ಒಂದು ಇತ್ತು. ಮಂಚದಷ್ಟು ಅಗಲದ ಬೂದು ಬಟ್ಟೆ, ಮೂಲೆಯಲ್ಲಿ ಇಸ್ಪೀಟೆಲೆಯಷ್ಟು ಕೆಂಪು ಚೌಕ, ಮಿಕ್ಕದ್ದೆಲ್ಲ ಖಾಲಿ. ಬೆಲೆ ಇಪ್ಪತ್ತೆರಡು ಸಾವಿರ. ಖಾಲಿ ಜಾಗವೇ ಇದರ ಸೊಗಸು ಎಂದು ಚೀಟಿ ವಿವರಿಸಿತ್ತು. "ತುಂಡು ಬಟ್ಟೆ ಸಾಲದೆ ಹೋಗಿರಬೇಕು, ಪಾಪ" ಎಂದು ಹೆಂಡತಿ ಹೆಬ್ಬೆರಳು, ತೋರುಬೆರಳಿನ ನಡುವೆ ಅದರ ಅಂಚು ಹಿಡಿದು ಹೊಸೆದಳು. ಸೀರೆ ಅಂಗಡಿಯ ಅಭ್ಯಾಸ. ತಕ್ಷಣ ಬಿಳಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ಓಡಿ ಬಂದಳು. ಮುಟ್ಟುವ ಹಾಗಿಲ್ಲವಂತೆ. ಹಿಂಬದಿ ನೋಡಬೇಕಾದರೆ ಅವಳೇ ಗವಸಿನ ಕೈಯಲ್ಲಿ ಮೂಲೆ ಎತ್ತಿ ತೋರಿಸುತ್ತಾಳಂತೆ. ಹಾಗೆ ಹೇಳುತ್ತಾ ಅವಳ ಕಣ್ಣು ಮೆಲ್ಲನೆ ಕೆಳಗಿಳಿಯಿತು. ನಾನು ವೇಣುಗೋಪಾಲನಾದೆ.

ಕೊನೆಯ ಮೂಲೆಯಲ್ಲಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕುಳಿತು ಹೊಲಿಯುತ್ತಿದ್ದರು. ಕೆಳಗೊಂದು ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಉದ್ದಕ್ಕೂ ತುಂಡು ಸೇರಿಸುತ್ತಾ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತಾ ಬರುತ್ತಾರೆ. ಅಂಚಿನಿಂದ ನಡುವಿಗೆ! ನನ್ನ ಸಾಕ್ಸು ಅದೇ ಹೊತ್ತಿನಲ್ಲಿ ನಡುವಿನಿಂದ ಅಂಚಿಗೆ ಹರಿಯುತ್ತಿತ್ತು. ಬೆರಳು ಈಗ ಮೊಟ್ಟೆಯೊಡೆದ ಕೋಳಿಮರಿಯ ಹಾಗೆ ಕತ್ತಿನವರೆಗೆ ಹೊರಗೆ ಬಂದು ಸುತ್ತಲೂ ನೋಡುತ್ತಿತ್ತು.

ಹಿಂದಿನಿಂದ ಯಾರೋ ಫೋಟೋ ತೆಗೆಯಲು ನೂಕಿದರು. ಒಂದು ಹೆಜ್ಜೆ ಮುಂದೆ ಬಿತ್ತು. ಕಾಲು ಹಿಂದೆಗೆದುಕೊಳ್ಳಲು ಹೋದರೆ ಬರಲಿಲ್ಲ. ಹೆಬ್ಬೆರಳಿನ ಉಗುರು ನೆಲದ ಕೌದಿಯ ದಾರವೊಂದಕ್ಕೆ ಸಿಕ್ಕಿಹಾಕಿಕೊಂಡಿತ್ತು.

"ಸರ್, ಅಲ್ಲಾಡಬೇಡಿ!" ಎಂದು ಗವಸಿನ ಹುಡುಗಿ ಕೂಗಿದಳು. ಇಡೀ ಮಂಟಪ ತಿರುಗಿತು. ನಾನು ಒಂದು ಕೈಯಲ್ಲಿ ಕಂಬ ಹಿಡಿದು ನಿಂತೆ. ಹುಡುಗಿ ಮಂಡಿಯೂರಿದಳು. ಅವಳ ಪಕ್ಕದಲ್ಲಿ ಕನ್ನಡಕದ ಹೆಂಗಸೊಬ್ಬರು ಕುಳಿತರು. ಇನ್ನೊಬ್ಬರು ಮೊಬೈಲಿನ ಬೆಳಕು ಬಿಟ್ಟರು. ಮತ್ತೊಬ್ಬರು, "ಉಗುರು ಕತ್ತರಿಸಿಬಿಡೋಣ, ದಾರ ಕತ್ತರಿಸುವುದು ಬೇಡ" ಎಂದು ಸಲಹೆ ಕೊಟ್ಟರು. ಎರಡರಲ್ಲಿ ಯಾವುದರ ಬೆಲೆ ಹೆಚ್ಚು ಎಂಬ ಬಗ್ಗೆ ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಇಂಥದೇ ಒಂದು ಮಂಟಪದಲ್ಲಿ ನಮ್ಮ ಮಾವ ತಟ್ಟೆಯಲ್ಲಿಟ್ಟು ತೊಳೆದ ಕಾಲು ಇದು. ಆಮೇಲೆ ಈ ಕಾಲಿಗೆ ಇಷ್ಟು ಜನ ಬಾಗಿದ್ದು ಇದೇ ಮೊದಲು. ಹೆಂಡತಿಯನ್ನು ಹುಡುಕಿದೆ. ಅವಳು ಇಪ್ಪತ್ತೆರಡು ಸಾವಿರದ ಬೂದು ಬಟ್ಟೆಯ ಮುಂದೆ ನಿಂತು, ನನಗೆ ಬೆನ್ನು ಹಾಕಿ, ಆ ಖಾಲಿ ಜಾಗದ ಸೊಗಸನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು.

ಕೊನೆಗೆ ಸಿದ್ದಿ ಹೆಂಗಸರಲ್ಲಿ ಹಿರಿಯಳಾದ ಅಮ್ಮ ಎದ್ದು ಬಂದು, ಸೂಜಿಯ ತುದಿಯಿಂದ ಒಮ್ಮೆ ಮೀಟಿದಳು. ಬೆರಳು ಬಿಟ್ಟುಕೊಂಡಿತು. ಅವಳು ಬೆರಳನ್ನು ನೋಡಿದಳು, ಸಾಕ್ಸು ನೋಡಿದಳು, ಕೈ ಚಾಚಿ "ತೆಗೆದು ಕೊಡಿ" ಎಂದಳು. ಆಗ ಮಾತ್ರ ಹೆಂಡತಿ ಎಲ್ಲಿಂದಲೋ ಪ್ರತ್ಯಕ್ಷಳಾಗಿ, "ಹೌದು, ತೆಗೆದೇ ಕೊಡಿ, ಮೈಮೇಲಿದ್ದಾಗ ಹೊಲಿಯಬಾರದು" ಎಂದಳು.

ಒಂದು ಕಾಲು ಬರಿದಾಗಿ ಕುರ್ಚಿಯಲ್ಲಿ ಕುಳಿತೆ. ಆ ಅಮ್ಮ ಕೆಂಪು ಬಟ್ಟೆಯ ಚೂರೊಂದನ್ನು ಆರಿಸಿ, ಅಂಚನ್ನು ಉಗುರಿನಿಂದ ಒಳಮಡಿಸಿ, ಮಡಿಸಿದಷ್ಟೇ ಹೊಲಿದು, ಮತ್ತೆ ಮಡಿಸಿದಳು.

ನಮ್ಮಜ್ಜಿಯೂ ಅಂಚನ್ನು ಹಾಗೆಯೇ ಉಗುರಿನಿಂದ ಒತ್ತುತ್ತಿದ್ದಳು. ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ಅವಳದೊಂದು ಬೊಂತೆಯಿತ್ತು. ತಾತನ ಪಂಚೆ, ಅತ್ತೆಯ ಲಂಗ, ನಡುವೆ ಒಂದು ಹಿಟ್ಟಿನ ಚೀಲದ ತುಂಡು. ಚೀಲದ ಮೇಲಿನ ನೀಲಿ ಅಕ್ಷರ ತಲೆಕೆಳಗಾಗಿದ್ದವು, ನಾನು ಇಂಗ್ಲಿಷ್ ಅಕ್ಷರಗಳನ್ನು ಮೊದಲು ಗುರುತಿಸಿದ್ದು ಹಾಗೆ ತಲೆಕೆಳಗಾಗಿಯೇ. ಯುಗಾದಿಗೆ ಮುಂಚೆ ಅದನ್ನು ವಿಶ್ವೇಶ್ವರಯ್ಯ ನಾಲೆಗೆ ಒಯ್ದು ಒಗೆಯುವುದು. ನೆನೆದರೆ ಎಮ್ಮೆಕರುವಿನ ತೂಕ. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಅಜ್ಜಿ ಹಿಂಡಲು ತಿರುಚಿದರೆ, ಬೊಂತೆಯ ಜೊತೆಗೆ ನಾನೂ ತಿರುಚಿಕೊಂಡು ಏರಿಯ ಮೇಲೆ ಬೀಳುತ್ತಿದ್ದೆ. ಅಜ್ಜಿ ಹೋದಾಗ ಪದ್ಧತಿಯಂತೆ ಹಾಸಿಗೆಯ ಜೊತೆ ಅದನ್ನೂ ಊರ ಹೊರಗೆ ಹಾಕಿ ಬಂದರು. ನಾನೂ ಒಂದು ತುದಿ ಹಿಡಿದುಕೊಂಡು ಹೋಗಿದ್ದೆ.

"ತಗೊಳ್ಳಿ" ಎಂದಳು ಆ ಅಮ್ಮ. ಕೆಂಪು ತೇಪೆ. ಅದರ ತುದಿಯಲ್ಲಿ ಹಳದಿ ಬಟ್ಟೆಯನ್ನು ಮಡಿಸಿ ಹೊಲಿದ ಪುಟ್ಟದೊಂದು ಹೂವು. ಅವರ ಕೌದಿಯ ಮೂಲೆಗಳಲ್ಲಿ ಅಂಥ ಹೂವು ಇರಲೇಬೇಕಂತೆ. ಇಲ್ಲದಿದ್ದರೆ ಬೋಳಂತೆ. ನನ್ನ ಸಾಕ್ಸು ಬೋಳಾಗಿರುವುದು ಅವಳಿಗೆ ಒಪ್ಪಿಗೆಯಾಗಿರಲಿಲ್ಲ. ದುಡ್ಡು ಕೊಡಲು ಹೋದರೆ ಪಕ್ಕದವಳಿಗೆ ಕೊಂಕಣಿಯಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು, ದುಡ್ಡು ಮಾತ್ರ ತೆಗೆದುಕೊಳ್ಳಲಿಲ್ಲ.

ಆ ಹೂವು ಷೂ ಒಳಗೆ ಬೆರಳನ್ನು ಒತ್ತುತ್ತದೆ. ಆದರೂ ಸೋಮವಾರ, ಮಂಗಳವಾರ ಅದನ್ನೇ ಹಾಕಿಕೊಂಡು ಓಡಾಡಿದೆ. ನಿನ್ನೆ ಸಂಜೆ ಬಿಚ್ಚುವಾಗ ನೋಡಿದರೆ, ಎಡಗಾಲಿನದು ಹರಿದಿದೆ, ಅದೇ ಜಾಗದಲ್ಲಿ. ಇನ್ನೂ ದೀಪ ಹಚ್ಚಿರಲಿಲ್ಲ. ಅಡುಗೆಮನೆಗೆ ಹೋಗಿ ಕ್ಯಾಲೆಂಡರಿನ ಹನ್ನೆರಡೂ ಹಾಳೆ ತಿರುವಿದೆ. ಒಂದು ಏಕಾದಶಿಯಲ್ಲೂ ಸೂಜಿಯಿಲ್ಲ.

"ಅದು ಹೋದ ವರ್ಷದ ಕ್ಯಾಲೆಂಡರಿನಲ್ಲಿತ್ತು ಕಣ್ರೀ. ಜನವರಿಯಲ್ಲೇ ರದ್ದಿಯವನಿಗೆ ಹಾಕಿದೆನಲ್ಲ."

"ಹಾಗಾದರೆ ಶನಿವಾರ ಸಂಜೆ ದೀಪದ ಶಾಸ್ತ್ರ ಹೇಳಿದ್ದು?"

"ಕಾಫಿ ಆರುತ್ತದೆ, ಕುಡಿಯಿರಿ."