ಹಿಂದಿನ ಬಾಗಿಲಿನ ಕೀಲಿ ಯಾರ ಹತ್ತಿರ ಐತ್ರೀ?

ಬಾಗಲಕೋಟೆಯಲ್ಲಿ ಇಪ್ಪತ್ತು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಮನೆ, ಅಂಗಡಿ, ಮದುವೆ, ಗಣಪತಿ ಪೆಂಡಾಲ್, ಯಾವುದಕ್ಕೂ ಇಲ್ಲ ಅಂದವನಲ್ಲ. ಈ ಬರಹ ಸ್ವಲ್ಪ ಉದ್ದ ಆಗುತ್ತೆ. ಅಂಗಡಿ, ಹೋಟೆಲ್, ಮಂಗಲ ಕಾರ್ಯಾಲಯ ಇಟ್ಟವರು ದಯವಿಟ್ಟು ಪೂರ್ತಿ ಓದಿ.

ಹೋದ ಶ್ರಾವಣದ ಮಾತು. ಹಳೇ ಊರಿನ ಒಂದು ಸೀರೆ ಅಂಗಡಿಯಲ್ಲಿ ದೊಡ್ಡ ಸೇಲ್. ಹೆಸರು ಬೇಡ, ಸಾವ್ಕಾರರು ಒಳ್ಳೆಯವರೇ. ಬಾಗಿಲ ಮುಂದೆ ಪೆಂಡಾಲ್, ಬಲೂನಿನ ಕಮಾನು, ಸಂಜೆ ಲಕ್ಕಿ ಡ್ರಾ. ಲೈಟಿನ ಕೆಲಸ ನನ್ನದು.

ಏಳು ಗಂಟೆ ಹೊತ್ತಿಗೆ ಸುಟ್ಟ ವಾಸನೆ ಬಂತು. ಊದಿನಕಡ್ಡಿ, ಎದುರಿನ ಗಾಡಿಯ ಮಿರ್ಚಿ ಎಣ್ಣೆ, ಇವುಗಳ ನಡುವೆ ಬೇರೆಯವರಿಗೆ ಗೊತ್ತಾಗಲಿಲ್ಲ. ನನ್ನ ಮೂಗಿಗೆ ಅದು ಹಳೇ ಪರಿಚಯ. ಹಸಿರು ಕಾರ್ಪೆಟ್ ಎತ್ತಿ ನೋಡಿದರೆ ಎಕ್ಸ್‌ಟೆನ್ಷನ್ ವೈರು ಸುತ್ತಿದ ಸುರುಳಿ ಬಿಚ್ಚದೇ ಬಿದ್ದಿದೆ, ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾರ್ಪೆಟ್ಟಿಗೆ ಅಂಟಿಕೊಂಡಿದೆ. ವಿಡಿಯೋ ಹುಡುಗ 500 ವ್ಯಾಟಿನ ನಾಲ್ಕು ಹ್ಯಾಲೋಜನ್ ಅದಕ್ಕೇ ಹಾಕಿದ್ದ. ಒಟ್ಟು 2000 ವ್ಯಾಟ್. 230 ವೋಲ್ಟಿಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 9 ಆಂಪ್. ಬೋರ್ಡು 6 ಆಂಪಿನದು. ವೈರು ಬಿಚ್ಚಿ ಹರಡಿದ್ದರೆ ಬಿಸಿ ಅಷ್ಟಿಷ್ಟು ಗಾಳಿಗೆ ಹೋಗುತ್ತದೆ. ಸುರುಳಿಯಲ್ಲಿ ಒಳಗೇ ಕೂಡುತ್ತದೆ, ಮೇಲೆ ಕಾರ್ಪೆಟ್ ಬೇರೆ ಹೊದಿಸಿದ್ದರು. ಬೋರ್ಡ್ ಕೊಟ್ಟು ಚಹಾಕ್ಕೆ ಹೋದವನು ನಾನೇ, ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮೇನ್ ಆಫ್ ಮಾಡಿದೆ. ಬೆಂಕಿ ಆರಿಸೋ ಸಿಲಿಂಡರ್ ಎಲ್ಲಿ ಅಂದರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಸಿಕ್ಕಿತು. ಇಳಕಲ್ ಸೀರೆ ಉಡಿಸಿದ ಬೊಂಬೆಯ ಹಿಂದೆ, ಸೆರಗಿನ ಮರೆಯಲ್ಲಿ ತೂಗುಹಾಕಿದ್ದರು. ಅದರ ಮೀಟರಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಇಳಿದಿತ್ತು, ಅಂದರೆ ಒಳಗೆ ಪ್ರೆಶರ್ ಇಲ್ಲ. ಹಿಂದಿನ ಬಾಗಿಲಿಗೆ ಹೋದರೆ ಎದೆಮಟ್ಟ ಸೀರೆ ಗಂಟು, ಅದರಾಚೆ ಬೀಗ. ಕೀಲಿ ಸಾವ್ಕಾರರ ತಮ್ಮನ ಜೇಬಿನಲ್ಲಿ. ಅವನು ಊಟಕ್ಕೆ ವಿದ್ಯಾಗಿರಿಯ ಮನೆಗೆ ಹೋಗಿದ್ದ. ಒಳಗೆ ನೂರಕ್ಕೂ ಜಾಸ್ತಿ ಹೆಣ್ಣುಮಕ್ಕಳು, ಕೂಸುಗಳು.

ಏನೂ ಆಗಲಿಲ್ಲ. ಹತ್ತು ನಿಮಿಷಕ್ಕೆ ಲಕ್ಕಿ ಡ್ರಾ ಮತ್ತೆ ಶುರುವಾಯಿತು. ಮೊದಲ ಬಹುಮಾನ ಮಿಕ್ಸರ್.

ಸಾವ್ಕಾರರಿಗೆ ಹೇಳಿದೆ. "ಒಂದ್ ದಿನದ್ದ್ ಐತೋ ತಮ್ಮಾ, ಯಾಕ್ ಇಷ್ಟ್ ತಲಿ ಕೆಡಿಸ್ಕೋತಿ" ಅಂದರು.

ನನ್ನ ತಕರಾರು ಈ ಒಂದು ದಿನದ ಬಗ್ಗೆಯೇ. ಉಳಿದ ದಿನ ಆ ಅಂಗಡಿಯಲ್ಲಿ ಹತ್ತು ಗಿರಾಕಿ, ಎರಡು ಫ್ಯಾನು, ನಡೆದಾಡಲು ಜಾಗ. ಸೇಲಿನ ದಿನ ಜನ, ಲೋಡು, ಬಟ್ಟೆ ಎಲ್ಲಾ ಒಟ್ಟಿಗೇ ಏರುತ್ತವೆ. ದಾರಿ ಮಾತ್ರ ಕಡಿಮೆ ಆಗುತ್ತದೆ, ಯಾಕಂದರೆ ಹೆಚ್ಚಿನ ಟೇಬಲ್ ಇಡೋದು ದಾರಿಯಲ್ಲೇ ಅಲ್ವಾ? ದಿಲ್ಲಿಯ ಉಪಹಾರ್ ಟಾಕೀಸಿನಲ್ಲಿ 1997ರಲ್ಲಿ ಆದದ್ದೂ ಇದೇ. ಬಾಲ್ಕನಿಯಲ್ಲಿ ನಾಲ್ಕು ಟಿಕೆಟ್ ಜಾಸ್ತಿ ಹೋಗಲಿ ಅಂತ ಹೆಚ್ಚುವರಿ ಸೀಟು ಹಾಕಿ ದಾರಿ ಮುಚ್ಚಿದ್ದರು. ಬೆಂಕಿ ಬಿದ್ದಾಗ 59 ಜನ ಸತ್ತರು, ಹೊಗೆಗೆ ಉಸಿರು ಕಟ್ಟಿ.

ಅದಕ್ಕೂ ಮೊದಲು, 1995ರ ಡಿಸೆಂಬರ್ 23ರಂದು, ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ. ಮದುವೆ ಹಾಲ್‌ನಲ್ಲಿ ಸಿಂಥೆಟಿಕ್ ಶಾಮಿಯಾನ ಕಟ್ಟಿದ್ದರು. ಬೆಂಕಿ ಬಿದ್ದು ಬಟ್ಟೆ ಕರಗಿ ಜನರ ಮೇಲೇ ಬಿತ್ತು. 400ಕ್ಕೂ ಹೆಚ್ಚು ಜನ ಹೋದರು, ಬಹಳಷ್ಟು ಮಕ್ಕಳು. ಅದೂ ಒಂದು ದಿನದ ಕಾರ್ಯಕ್ರಮ.

ಪೆಂಡಾಲಿಗೆ ಅಂತಲೇ ಐಎಸ್ 8758 ಅನ್ನೋ ಭಾರತೀಯ ಮಾನಕ ಇದೆ. ಸಿಂಥೆಟಿಕ್ ಬಟ್ಟೆ, ಹಗ್ಗ ಬೇಡ. ಕರೆಂಟ್ ತಂತಿಯ ಕೆಳಗೆ ಕಟ್ಟಬೇಡಿ. ನಮ್ಮಲ್ಲಿ ಏನು ಮಾಡ್ತಾರೆ? ಕಂಬದ ಬುಡದಲ್ಲೇ ಗೂಟ ಹೊಡೆದು, ಅದೇ ಕಂಬಕ್ಕೆ ಹುಕ್ ಹಾಕುತ್ತಾರೆ. ಹೆಸ್ಕಾಂನಲ್ಲಿ ತಾತ್ಕಾಲಿಕ ಕನೆಕ್ಷನ್ ಸಿಗುತ್ತೆ ಅಂದರೆ ನನ್ನನ್ನೇ ಹುಚ್ಚನ ಹಾಗೆ ನೋಡುತ್ತಾರೆ. ಬಲೂನಿಗೂ ಹೀಲಿಯಂ ದುಬಾರಿ ಅಂತ ಹೈಡ್ರೋಜನ್ ತುಂಬಿಸಿ, ಪಕ್ಕದಲ್ಲೇ ಕೋಲ್ಡ್ ಪೈರೋ, ಅಂದರೆ ಕಾರಂಜಿ ಹಾಗೆ ಕಿಡಿ ಚಿಮ್ಮಿಸೋ ಮತಾಪು, ಹಚ್ಚುವವರನ್ನು ನೋಡಿದ್ದೇನೆ. ಕೋಲ್ಡ್ ಅನ್ನೋದು ಬರೀ ಹೆಸರು. ಅದರದ್ದೂ ಕಿಡಿಯೇ, ಹೈಡ್ರೋಜನ್ ಹೊತ್ತಿಕೊಳ್ಳಲು ಅಷ್ಟು ಸಾಕು.

ಹಾಗಂತ ಎಲ್ಲಾ ಸಾವ್ಕಾರರದ್ದೇ ತಪ್ಪು ಅನ್ನಲ್ಲ. ನಗರಸಭೆ, ಪೊಲೀಸ್, ಅಗ್ನಿಶಾಮಕ, ಹೆಸ್ಕಾಂ ಅಂತ ನಾಲ್ಕು ಕಡೆ ಅಲೆದು ಬಂದವನಿಗೆ ಕಾಗದ ಕೈಗೆ ಬಂದರೆ ಕೆಲಸ ಮುಗಿದ ಹಾಗೇ ಅನ್ನಿಸುತ್ತದೆ. ಆದರೆ ಕಾಗದ ಬಂದ ಮೇಲೆ ತಾನೇ ಟೇಬಲ್, ಗಂಟು, ಕಾರ್ಪೆಟ್ ಒಳಗೆ ಬರೋದು? ಬಾಗಿಲು ತೆಗೆಯುವ ಹೊತ್ತಿಗೆ ಅಂಗಡಿಯವರೇ ಒಬ್ಬರು ಮುಂದಿನಿಂದ ಹಿಂದಿನ ತನಕ ಕೈಬೀಸಿ ನಡೆದು ನೋಡಲಿ. ಎಲ್ಲಿ ಮೈ ಓರೆ ಮಾಡಬೇಕಾಯಿತೋ ಅಲ್ಲಿಂದ ಸಾಮಾನು ತೆಗೆಯಲಿ. ಕೆಲಸದ ಹುಡುಗರಿಗೆ ಸಿಲಿಂಡರ್ ಕೈಗೆ ಕೊಟ್ಟು ತೋರಿಸಿ: ಪಿನ್ ಎಳಿ, ಬೆಂಕಿಯ ಬುಡಕ್ಕೆ ಹಿಡಿ, ಒತ್ತಿ ಅತ್ತಿತ್ತ ಆಡಿಸು. ಸಣ್ಣ ಸಿಲಿಂಡರ್ ಅರ್ಧ ನಿಮಿಷದೊಳಗೆ ಖಾಲಿ, ಆಗ ಕಲಿಯಲು ಪುರಸೊತ್ತು ಇರಲ್ಲ. 112ಕ್ಕೆ ಫೋನ್ ಮಾಡಿದರೂ ಹಳೇ ಊರಿನ ಆ ಗಲ್ಲಿಯಲ್ಲಿ, ಎರಡೂ ಬದಿ ಬೈಕ್ ನಿಂತಿರುವಾಗ, ಅಗ್ನಿಶಾಮಕ ಗಾಡಿ ಒಳಗೆ ಬರೋದು ನನಗಂತೂ ಅನುಮಾನ.

ಮೊನ್ನೆ ಅದೇ ಸಾವ್ಕಾರರ ಫೋನ್ ಬಂತು. ಈ ಸಲದ ಸೇಲಿಗೆ ಲೈಟ್ ಹಾಕಬೇಕಂತೆ. "ಹಿಂದಿನ ಬಾಗಲಾ ತೆಗಿಸಿರೇನ್ರೀ?" ಅಂದೆ.

"ಅಲ್ಲಿ ಮಾಲ್ ಐತಲ್ಲೋ ತಮ್ಮಾ."

ಲೈಟಿಗೆ ಇನ್ನೂ ಹೂಂ ಅಂದಿಲ್ಲ.