ಊರಲ್ಲಿ ಕೂತು ಆಫೀಸು: ವೈಫೈ, ಮಿಕ್ಸಿ ಮತ್ತು ಚಿಕ್ಕಮ್ಮನ ಫೋನು

ರಜೆ ಹಾಕದೆ ಊರಿಗೆ ಹೋಗಿ, ಅಲ್ಲಿಂದಲೇ ಕೆಲಸ ಮಾಡುವವರಿಗೆ ಮನೆಯವರು ಮೊದಲ ದಿನವೇ ಕೊಡುವ ಬಿರುದು ‘ಸುಮ್ನೆ ಕೂತವರು’. ಲ್ಯಾಪ್‌ಟಾಪಿನ ಎದುರು ಮಾತಾಡುತ್ತಿದ್ದರೆ ಅದು ಹರಟೆ, ಬಾಯಿ ಮುಚ್ಚಿದ್ದರೆ ಬಿಡುವು. “ಹೇಗೂ ಮನೇಲೇ ಇದ್ದೀಯಲ್ಲ, ಆ ಬಲ್ಬು ಒಂಚೂರು ಬದಲಾಯಿಸಿಬಿಡು” ಎಂಬ ಮಾತಿಗೆ ಯಾವ ಕಂಪನಿಯ ಗುರುತಿನ ಚೀಟಿಯೂ ಉತ್ತರವಲ್ಲ. ಈ ವಾದದಲ್ಲಿ ಗೆದ್ದವರಿಲ್ಲ. ಗೆಲ್ಲಬಹುದಾದದ್ದು ವೈರು, ಗೋಡೆ, ಬ್ಯಾಟರಿಗಳ ಜತೆಗಿನ ಜಗಳ ಮಾತ್ರ. ಅದನ್ನೂ ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ಐದು ನಿಮಿಷ ಇರುವಾಗಲ್ಲ, ಹಿಂದಿನ ಸಂಜೆಯೇ ಮುಗಿಸಬೇಕು.

ಮೊದಲು ರೂಟರ್. ಅದು ಎಲ್ಲಿರಬೇಕೆಂದು ತೀರ್ಮಾನಿಸಿದ್ದು ಕೇಬಲ್ ಎಳೆಯಲು ಬಂದವರು. ಹಾಗಾಗಿ ಅದು ಮುಂಬಾಗಿಲಿನ ಪಕ್ಕ, ಟಿವಿಯ ಬೆನ್ನಿಗೆ, ಧೂಳು ಕೂರದಿರಲೆಂದು ಬಟ್ಟೆ ಹೊದ್ದುಕೊಂಡು ಕೂತಿರುತ್ತದೆ. ನಿಮಗೆ ಬಿಟ್ಟುಕೊಟ್ಟ ಕೋಣೆ ಮನೆಯ ಇನ್ನೊಂದು ತುದಿಯಲ್ಲಿ. ಈಗಿನ ಬಹುತೇಕ ರೂಟರುಗಳು ಎರಡು ಬಗೆಯ ವೈಫೈ ಸಿಗ್ನಲ್ ಕೊಡುತ್ತವೆ. 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದು, ಆದರೆ ಎರಡು ದಪ್ಪ ಗೋಡೆ ದಾಟುವಷ್ಟರಲ್ಲಿ ಸುಸ್ತು. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ರೂಟರುಗಳೂ ಅದೇ ದಾರಿಯಲ್ಲಿ, ಮೈಕ್ರೋವೇವ್ ಒಲೆಯೂ ಅದೇ ದಾರಿಯಲ್ಲಿ. ಬಟ್ಟೆ ತೆಗೆದು, ರೂಟರನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಕಬ್ಬಿಣದ ಬೀರುವಿನಿಂದ ದೂರ ಇಡಿ. ಅಷ್ಟಕ್ಕೂ ಬಗ್ಗದಿದ್ದರೆ ರೂಟರಿನಿಂದ ಲ್ಯಾಪ್‌ಟಾಪಿಗೆ ನೇರ ಎಳೆಯುವ 15 ಮೀಟರ್ ಲ್ಯಾನ್ ಕೇಬಲ್ಲೇ ಮದ್ದು. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಆ ಕೇಬಲ್ಲಿಗೆ ತೂತೇ ಇರುವುದಿಲ್ಲ, ಯುಎಸ್‌ಬಿ ಅಡಾಪ್ಟರ್ ಬ್ಯಾಗಿನಲ್ಲಿರಲಿ. ಕೇಬಲ್ ಗೋಡೆಯ ಅಂಚಿಗೇ ಟೇಪಿನಲ್ಲಿ ಅಂಟಿಸಿ. ನಡುಮನೆಯಲ್ಲಿ ಅಡ್ಡಹಾಯ್ದರೆ ಮೊದಲು ಎಡವುವುದು ಅಜ್ಜಿ. ಆಮೇಲೆ ಮೀಟಿಂಗಿನ ಮಾತೇ ಬರುವುದಿಲ್ಲ.

ವೇಗ ಪರೀಕ್ಷಿಸುವಾಗ ಎಲ್ಲರ ಕಣ್ಣು ಡೌನ್‌ಲೋಡ್ ಅಂಕಿಯ ಮೇಲೆ. ಮಾನ ಕಳೆಯುವುದು ಅಪ್‌ಲೋಡ್. ನಾಲ್ಕಾರು ಜನರ ವೀಡಿಯೊ ಮೀಟಿಂಗಿಗೆ ನಿಮ್ಮ ಕಡೆಯಿಂದ 2–3 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಸರಾಗವಾಗಿ ಹೊರಹೋದರೆ ಸಾಕು. ಅಷ್ಟಿದ್ದೂ “ಹಲೋ, ಕೇಳಿಸ್ತಿದೆಯಾ?” ಶುರುವಾದರೆ, ಟಿವಿ ಆರಿಸಿ ಅಪ್ಪನ ಕೋಪಕ್ಕೆ ಗುರಿಯಾಗಬೇಡಿ. ಟಿವಿ ಎಳೆದುಕೊಳ್ಳುವುದು ಡೌನ್‌ಲೋಡನ್ನು. ತಪ್ಪಿತಸ್ಥ ಸಾಮಾನ್ಯವಾಗಿ ಮೂಲೆಯಲ್ಲಿ ಚಾರ್ಜಿಗಿಟ್ಟ ತಮ್ಮನ ಫೋನು. ಅದು ಮೊನ್ನೆಯ ಮದುವೆಯ ವೀಡಿಯೊಗಳನ್ನೆಲ್ಲ ಸದ್ದಿಲ್ಲದೆ ಕ್ಲೌಡಿಗೆ ಹೊರುತ್ತಿರುತ್ತದೆ. ಅಪ್‌ಲೋಡ್ ತುಂಬಿತೆಂದರೆ ರೂಟರಿನಲ್ಲಿ ಸಾಲು ಬೆಳೆಯುತ್ತದೆ, ನಿಮ್ಮ ಧ್ವನಿ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಕೆಲಸದ ಹೊತ್ತಿಗೆ ಆ ಬ್ಯಾಕಪ್ ನಿಲ್ಲಿಸಿ, ರಾತ್ರಿ ಮತ್ತೆ ಬಿಡಿ. ರೂಟರಿನಲ್ಲಿ ಮಿತಿ ಹಾಕುವ ಸೌಕರ್ಯವಿದ್ದರೆ, ಮನೆಯ ಒಟ್ಟು ಅಪ್‌ಲೋಡನ್ನು ನಿಜವಾಗಿ ಸಿಗುವುದರ ಶೇ. 85–90ಕ್ಕೆ ಕಟ್ಟಿಹಾಕಿ. ಆಗ ಸಾಲು ಅಷ್ಟಾಗಿ ಬೆಳೆಯದು.

ಇನ್ನು ಕರೆಂಟು. ಪೂರ್ತಿ ಹೋದರೆ ಎಲ್ಲರಿಗೂ ತಿಳಿಯುತ್ತದೆ, ಕ್ಷಮೆಯೂ ಸಿಗುತ್ತದೆ. ಕಾಡುವುದು ಅರೆಕ್ಷಣದ ಕುಸಿತ. ನೀರಿನ ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಅದು ಎಳೆಯುವ ಕರೆಂಟು ಓಡುವಾಗಿನದರ ಐದಾರು ಪಟ್ಟು. ಲೈನು ಬಡಕಲಾಗಿದ್ದರೆ ವೋಲ್ಟೇಜು ಕುಸಿದು, ಬಲ್ಬು ಕಣ್ಣು ಮಿಟುಕಿಸುವಷ್ಟರಲ್ಲಿ ರೂಟರ್ ರೀಸ್ಟಾರ್ಟ್ ಆಗಿರುತ್ತದೆ. ಅದು ಮತ್ತೆ ಎದ್ದು, ಲೈನು ಹಿಡಿದು, ನಿಮಗೆ ವೈಫೈ ಕೊಡಲು ಎರಡು–ಮೂರು ನಿಮಿಷ. ಅತ್ತಕಡೆಯವರು ಅಷ್ಟೂ ಹೊತ್ತು ಕಲ್ಲಾದ ನಿಮ್ಮ ಅರೆಮುಚ್ಚಿದ ಕಣ್ಣನ್ನು ನೋಡುತ್ತಿರುತ್ತಾರೆ.

ರೂಟರಿಗೆಂದೇ ಬರುವ ಪುಟ್ಟ ಯುಪಿಎಸ್ ಇದಕ್ಕೆ ಸಾಕು. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲಿನ ಬರಹ ಓದಿ: 12 ವೋಲ್ಟೋ, 9 ವೋಲ್ಟೋ? ಪಿನ್ನು ಕೂತ ಮಾತ್ರಕ್ಕೆ ವೋಲ್ಟೇಜು ಸರಿಯೆಂದಲ್ಲ. 9ರದಕ್ಕೆ 12 ಕೊಟ್ಟರೆ ರೂಟರೇ ಸತ್ತೀತು. ಫೈಬರ್ ಲೈನು ಬಂದು ಸೇರುವ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಟರಿ ಬೇಕು. ಒಂದಕ್ಕೆ ಮಾತ್ರ ಕೊಟ್ಟವರಿಗೆ ಕರೆಂಟು ಹೋದಾಗ ಸಿಗುವುದು ತುಂಬು ಸಿಗ್ನಲಿನ ವೈಫೈ, ಸೊನ್ನೆ ಇಂಟರ್ನೆಟ್. ಲೆಕ್ಕ ಸುಲಭ: ಎರಡೂ ಸೇರಿ 12 ವ್ಯಾಟ್ ಎಳೆದರೆ, 30 ವ್ಯಾಟ್‌ಅವರ್ ಬ್ಯಾಟರಿ ಎರಡು ಗಂಟೆ ಚಿಲ್ಲರೆ ಬರುತ್ತದೆ. ಫೈಬರ್ ಮನೆಯವರೆಗೂ ಬಂದಿದ್ದರೆ ಒಂದು ಫೈಬರನ್ನು ಹಲವು ಮನೆಗೆ ಕವಲೊಡೆಸುವ ನಡುದಾರಿಯ ಸ್ಪ್ಲಿಟರುಗಳಿಗೆ ಕರೆಂಟೇ ಬೇಡ, ಬೀದಿಯೆಲ್ಲ ಕತ್ತಲಾದರೂ ಲೈನು ನಡೆಯಬಹುದು. ಕಂಬದ ಮೇಲಿನ, ಮನೆಗಳಿಗೆ ಇಂಟರ್ನೆಟ್ ಹಂಚುವ ‘ಸ್ವಿಚ್’ ಪೆಟ್ಟಿಗೆಯಿಂದ ತಾಮ್ರದ ತಂತಿ ಎಳೆದಿದ್ದರೆ ಮಾತ್ರ ಆ ಕಂಬದ ಹಣೆಬರಹವೇ ನಿಮ್ಮದೂ.

ಆಗ ಕೈಹಿಡಿಯಬೇಕಾದದ್ದು ಮೊಬೈಲ್ ಹಾಟ್‌ಸ್ಪಾಟ್. ಒಂದು ಎಂಬಿಪಿಎಸ್ ಎಂದರೆ ಗಂಟೆಗೆ 450 ಎಂಬಿ. ಹೋಗುವುದು, ಬರುವುದು ಎರಡೂ ಸೇರಿದರೆ ಒಂದು ಗಂಟೆಯ ವೀಡಿಯೊ ಮೀಟಿಂಗಿಗೆ ಜಿಬಿಯೊಂದು ಕರಗಿತು. ಕ್ಯಾಮರಾ ಆರಿಸಿ, ಬರುವ ವೀಡಿಯೊವನ್ನೂ ನಿಲ್ಲಿಸಿ ಬರೀ ಧ್ವನಿ ಇಟ್ಟುಕೊಂಡರೆ ನೂರು ಎಂಬಿಯೊಳಗೆ ಮುಗಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ಹಾಟ್‌ಸ್ಪಾಟನ್ನು ‘ಮೀಟರ್ಡ್’ (ಅಳೆದು ಬಳಸಬೇಕಾದದ್ದು) ಎಂದು ಗುರುತು ಹಾಕದಿದ್ದರೆ, ವಾರವೆಲ್ಲ ಸುಮ್ಮನಿದ್ದ ವಿಂಡೋಸ್ ಅಪ್‌ಡೇಟ್ ಆ ಮುಹೂರ್ತವನ್ನೇ ಆರಿಸಿಕೊಳ್ಳುತ್ತದೆ.

ಎರಡು ಸಿಮ್ಮಿನ ಫೋನಾದರೆ ಇನ್ನೊಂದು ಗಂಡಾಂತರ. ಡೇಟಾ ಒಂದು ಸಿಮ್ಮಿನಲ್ಲಿ, ನೆಂಟರ ಬಳಿ ಇರುವ ನಂಬರು ಇನ್ನೊಂದರಲ್ಲಿ. ಚಿಕ್ಕಮ್ಮ ಫೋನು ಮಾಡಿ “ಊರಿಗೆ ಬಂದಿದ್ದೀಯಂತೆ, ಇನ್ನೂ ಈ ಕಡೆ ತಲೆ ಹಾಕಿಲ್ಲವಲ್ಲ” ಎನ್ನುತ್ತಿದ್ದಂತೆ ಮೊದಲ ಸಿಮ್ಮಿನ ಡೇಟಾ ನಿಲ್ಲುತ್ತದೆ, ಮೀಟಿಂಗೂ ನಿಲ್ಲುತ್ತದೆ. ಬಹಳಷ್ಟು ಫೋನುಗಳು ಒಂದು ಸಿಮ್ಮಿನ ಕರೆ ನಡೆಯುವಾಗ ಇನ್ನೊಂದರ ಡೇಟಾ ನಡೆಸಲಾರವು. ಕರೆಯ ಹೊತ್ತಿನಲ್ಲಿ ಡೇಟಾವನ್ನು ಇನ್ನೊಂದು ಸಿಮ್ಮಿಗೆ ಬದಲಿಸುವ ಆಯ್ಕೆ ಸೆಟ್ಟಿಂಗ್ಸಿನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಮೀಟಿಂಗ್ ಮುಗಿಯುವವರೆಗೆ ನೆಂಟರ ಬಳಿ ಇರುವ ನಂಬರಿನ ಸಿಮ್ ಆರಿಸಿಡಿ. ಚಿಕ್ಕಮ್ಮ ಆಗ ಅಮ್ಮನ ಫೋನಿಗೆ ಮಾಡುತ್ತಾರೆ, ಅಮ್ಮ ಫೋನು ಹಿಡಿದು ನೇರ ಕ್ಯಾಮರಾದ ಮುಂದೆ ಬರುತ್ತಾರೆ. ಇದಕ್ಕೆ ಸೆಟ್ಟಿಂಗ್ ಇನ್ನೂ ಬಂದಿಲ್ಲ.

ಸದ್ದಿನ ವಿಷಯದಲ್ಲಿ ಮಿಕ್ಸಿಯೇ ಅರಸ. ಫ್ಯಾನಿನ ಗಾಳಿಸದ್ದನ್ನು ಮೀಟಿಂಗ್ ತಂತ್ರಾಂಶಗಳು ಅಂದವಾಗಿ ಅಳಿಸುತ್ತವೆ. ಮಿಕ್ಸಿ ಜೋರಾದಾಗ ಅದನ್ನು ಅಳಿಸುವ ಭರದಲ್ಲಿ ನಿಮ್ಮ ಮಾತಿನ ಅರ್ಧವನ್ನೂ ಅಳಿಸುತ್ತವೆ. ಲ್ಯಾಪ್‌ಟಾಪಿನ ಮೈಕು ಇಡೀ ಕೋಣೆಯ ಮಾತು ಕೇಳುತ್ತದೆ. ತಂತಿಯ ಹೆಡ್‌ಸೆಟ್ಟಿನ ಮೈಕನ್ನು ಬಾಯಿಯ ಪಕ್ಕ ಎರಡು ಬೆರಳಿನ ಅಂತರದಲ್ಲಿಟ್ಟರೆ ತಂತ್ರಾಂಶಕ್ಕೆ ಅಷ್ಟು ಹೆಣಗಾಟವಿಲ್ಲ. ಅಡುಗೆಮನೆಯೊಂದಿಗಿನ ಸಂಧಾನದಲ್ಲಿ ‘ಮೀಟಿಂಗ್’ ಎಂಬ ಮಾತಿಗೆ ಬೆಲೆಯಿಲ್ಲ. ‘ದೊಡ್ಡ ಸಾಹೇಬರು ಲೈನಲ್ಲಿದ್ದಾರೆ’ ಎಂದರೆ ಮಿಕ್ಸಿ ಕಾಲು ಗಂಟೆ ಕಾಯುತ್ತದೆ. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಬಳಸಿದರೆ ಸಾಹೇಬರ ಬೆಲೆಯೂ ಇಳಿಯುತ್ತದೆ.

ಕುರ್ಚಿ ಹಾಕುವಾಗ ಬೆನ್ನಿಗೆ ಗೋಡೆ ಇರಲಿ. ಕಿಟಕಿ ಇದ್ದರೆ ಮುಖ ಕಪ್ಪಾಗುತ್ತದೆ, ಬಾಗಿಲಿದ್ದರೆ ಟವೆಲಿನಲ್ಲಿ ಅಪ್ಪ ಬರುತ್ತಾರೆ. ಹಿನ್ನೆಲೆ ಮಸುಕು ಮಾಡಿದ್ದೇನೆಂಬ ಧೈರ್ಯ ಬೇಡ. ಆ ತಂತ್ರ ಹುಡುಕುವುದು ಮನುಷ್ಯಾಕೃತಿಯನ್ನು, ಅಪ್ಪನೂ ಮನುಷ್ಯರೇ ಆದ್ದರಿಂದ ಬೀರು, ಕ್ಯಾಲೆಂಡರು ಎಲ್ಲ ಮಸುಕಾಗಿ ಅವರೊಬ್ಬರು ಸ್ಪಷ್ಟವಾಗಿ ಕಾಣುವುದುಂಟು. ಊಟದ ಮೇಜಿನ ಎತ್ತರ ಹೆಚ್ಚುಕಡಿಮೆ 75 ಸೆಂಟಿಮೀಟರ್. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಭುಜ ಕಿವಿಗೆ ತಾಗುತ್ತದೆ, ಕೆಳಗೊಂದು ದಿಂಬು ಹಾಕಿಕೊಳ್ಳಿ.

ಹೊರಡುವ ದಿನ ಲ್ಯಾಪ್‌ಟಾಪಿನ ಚಾರ್ಜರು, ಯುಎಸ್‌ಬಿ ಅಡಾಪ್ಟರ್, ಹೆಡ್‌ಸೆಟ್ ಎಣಿಸಿ ತುಂಬಿಕೊಳ್ಳಿ. ಪುಟ್ಟ ಯುಪಿಎಸ್‌ಗೆ ಮಾತ್ರ ಕೈ ಹಾಕಬೇಡಿ. ಕರೆಂಟು ಹೋದರೂ ಅಪ್ಪನ ಫೋನಿಗೆ ವೈಫೈ ಬರುತ್ತದೆಂದು ಮನೆಗೆ ಗೊತ್ತಾಗಿದೆ, ಅದು ಇನ್ನು ನಿಮ್ಮದಲ್ಲ.